ಕಾಡುಪಾಲಾದ ಕಾರ್ಯದರ್ಶಿ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಬೇರೆ ಯಾರೂ ಒಪ್ಪಲಿಲ್ಲ ಎಂಬುದೊಂದೇ ಈ ಹುದ್ದೆಗೆ ಬೇಕಾದ ಅರ್ಹತೆ. ಅದು ನನ್ನಲ್ಲಿ ಧಾರಾಳವಾಗಿತ್ತು. ನಾನು ಬ್ಯಾಂಕಿನಿಂದ ನಿವೃತ್ತನಾದ ಮಾರನೆಯ ತಿಂಗಳೇ ಲೆಡ್ಜರು, ಮೊಹರು, ಸಂಪಿನ ಬೀಗದಕೈ ಮೂರನ್ನೂ ನನ್ನ ಮಡಿಲಿಗೆ ಹಾಕಿ ಮಗನ ಮನೆಗೆಂದು ಹೋದ ಹಿಂದಿನ ಕಾರ್ಯದರ್ಶಿಗಳು ಇನ್ನೂ ವಾಪಸು ಬಂದಿಲ್ಲ. ಅಂದಿನಿಂದ ‘ಸಮುದಾಯದ ಸಹಭಾಗಿತ್ವ’ ಎಂಬ ವಿಷಯದ ಮೇಲೆ ನಾನು ಮಾತಾಡದ ದಿನವಿಲ್ಲ. ವಾಟ್ಸಾಪಿನಲ್ಲಿ ಆಯಿತು, ಲಿಫ್ಟಿನಲ್ಲಿ ಆಯಿತು, ಒಮ್ಮೆ ಲಿಫ್ಟು ನಡುವೆ ಕೆಟ್ಟು ನಿಂತಾಗ ತಪ್ಪಿಸಿಕೊಳ್ಳಲಾಗದ ನಾಲ್ಕು ಜನರ ಮುಂದೆ ವಿಸ್ತಾರವಾಗಿಯೇ ಆಯಿತು. ಸರ್ವಸದಸ್ಯರ ಸಭೆಗೆ ನಮ್ಮಲ್ಲಿ ಕೋರಂ ಆಗುವುದು ಬೋಂಡ ಬಂದ ಮೇಲೆ. ಬೋಂಡ ಮುಗಿದೊಡನೆ ಕೋರಮ್ಮೂ ಮುಗಿಯುತ್ತದೆ. ಆ ಸಂದಿನಲ್ಲಿ ಲೆಕ್ಕಪತ್ರ ಪಾಸು ಮಾಡಿಸಿಕೊಳ್ಳುವ ಕಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲ.

ಹೀಗಿರುವಾಗ ನಾನೂ ಹೆಂಡತಿಯೂ ಟೆಕ್ಸಾಸಿನಲ್ಲಿರುವ ಮಗಳ ಮನೆಗೆ ಹೋದೆವು. ಜುಲೈ ತಿಂಗಳು. ಹೊರಗೆ ಹಪ್ಪಳ ಒಣಗಿಸುವ ಬಿಸಿಲು, ಒಳಗೆ ಸ್ವೆಟರ್ ಹಾಕಿಕೊಳ್ಳಬೇಕಾದ ಏಸಿ. ಮಾಡಲು ಬೇರೆ ಕೆಲಸವಿಲ್ಲದೆ ನಾನು ಅವರ ಬಡಾವಣೆಯ ಸಂಘದ ನಿಯಮಾವಳಿ ತರಿಸಿಕೊಂಡು ಕೆಂಪು ಪೆನ್ನಿನಲ್ಲಿ ತಿದ್ದಲು ಶುರುಮಾಡಿದೆ. ಮಗಳು ಗಾಬರಿಯಾದಳು.

"ಅಪ್ಪಾ, ನಿನಗೆ ಹೇಳಿ ಮಾಡಿಸಿದ ಜಾಗ ಒಂದಿದೆ. ಮೆಕ್ಸಿಕೋದಲ್ಲಿ. ಎಂಟು ಹಳ್ಳಿಯವರು ಸೇರಿ ಒಂದು ಕಾಡು ನೋಡ್ಕೊಳ್ತಾರೆ. ಟೂರಿಸಮ್ಮೂ ಅವರದೇ. ಎಲ್ಲ ಸಭೆ ಸೇರಿಯೇ ತೀರ್ಮಾನ ಮಾಡೋದು."

ಸಭೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನಾನು ಪಾಸ್‌ಪೋರ್ಟ್ ಹುಡುಕಿದೆ. ಅಮೆರಿಕದ ವೀಸಾ ಇದ್ದವರಿಗೆ ಮೆಕ್ಸಿಕೋದ ವೀಸಾ ಬೇರೆ ಬೇಕಿಲ್ಲವಾದ್ದರಿಂದ ನನ್ನನ್ನು ತಡೆಯುವ ಕಡೆಯ ಅವಕಾಶವೂ ಜಗತ್ತಿನ ಕೈತಪ್ಪಿತು.

ಜಾಗ ಯಾವುದೆಂದರೆ ದಕ್ಷಿಣ ಮೆಕ್ಸಿಕೋದ ವಾಹಾಕಾ ರಾಜ್ಯದ ಸಿಯೆರಾ ನೋರ್ತೆ ಬೆಟ್ಟಸಾಲು. ಅಲ್ಲಿನ ಮೂಲನಿವಾಸಿಗಳು ಸಪೊಟೆಕ್ ಜನ. ‘ಪ್ವೆಬ್ಲೋಸ್ ಮಾನ್ಕೊಮುನಾದೋಸ್’ ಎಂದು ಕರೆಸಿಕೊಳ್ಳುವ ಅವರ ಎಂಟು ಊರುಗಳಿಗೆ ಸುಮಾರು 29,000 ಹೆಕ್ಟೇರ್ ಬೆಟ್ಟ ಕಾಡು ಒಟ್ಟಾಗಿ ಸೇರಿದೆ. ಇಷ್ಟು ನಿನ್ನದು ಇಷ್ಟು ನನ್ನದು ಎಂಬ ಬೇಲಿಯಿಲ್ಲ. ಅವರದೇ ಮರದ ಕಾರ್ಖಾನೆ, ಅವರದೇ ಕುಡಿಯುವ ನೀರಿನ ಬಾಟಲಿ ವ್ಯಾಪಾರ. 1990ರ ದಶಕದಿಂದೀಚೆಗೆ ಪ್ರವಾಸಿಗಳಿಗೆ ಕುಟೀರ, ಗೈಡು, ಊರಿಂದೂರಿಗೆ ನೂರು ಕಿಲೋಮೀಟರ್ ಮೀರಿದ ಕಾಲುದಾರಿ. ಇದನ್ನೆಲ್ಲ ಕೇಳಿ ನನಗೆ ಹೊಟ್ಟೆಕಿಚ್ಚೇ ಆಯಿತು. ನಮ್ಮಲ್ಲಿ ಎರಡು ಕಾರಿನ ನಡುವೆ ಎಳೆದ ಹಳದಿ ಗೆರೆ ಯಾರ ಕಡೆಗೆ ನಾಲ್ಕು ಬೆರಳು ಸರಿದಿದೆ ಎಂಬ ಕಡತಕ್ಕೆ ಈಗ ಮೂರನೇ ಸಂಪುಟ ನಡೆಯುತ್ತಿದೆ.

ಕಾಡಿಗೆ ಹೋಗುವವನಿಗೆ ಸಲಕರಣೆ ಬೇಡವೇ? ಅಳಿಯ ಒಂದು ದೊಡ್ಡ ಅಂಗಡಿಗೆ ಕರೆದುಕೊಂಡು ಹೋದ. ಬೂಟು, ಎರಡು ಕೈಗೆ ಎರಡು ಊರುಗೋಲು, ಎದೆಬಡಿತ ಲೆಕ್ಕ ಹಾಕುವ ವಾಚು ಎಲ್ಲ ಕೊಂಡೆ. ಇವೆಲ್ಲಕ್ಕೆ ಕಳಶವಿಟ್ಟದ್ದು ಒಂದು ಪ್ಯಾಂಟು. ಮೊಣಕಾಲಿನ ಹತ್ತಿರ ಸುತ್ತಲೂ ಜಿಪ್ಪು. ಬಿಸಿಲಾದರೆ ಕೆಳಗಿನ ಅರ್ಧ ಬಿಚ್ಚಿ ಚಡ್ಡಿ ಮಾಡಿಕೊಳ್ಳಬಹುದು, ಚಳಿಯಾದರೆ ಜೋಡಿಸಿಕೊಳ್ಳಬಹುದು. ಒಂದು ಬೆಲೆಗೆ ಎರಡು ಸಾಮಾನು ಎಂದರೆ ಬ್ಯಾಂಕಿನವನ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಹೆಂಡತಿ ಮಾತ್ರ ಅದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿ, "ಎಂತ ಮಾರಾಯ್ರೆ ಇದು, ಜಿಪ್ಪು ಕೈಕೊಟ್ಟರೆ?" ಅಂದಳು. ಶಿರಸಿ ಕಡೆಯವಳು. ಅವಳ ತವರಿನಲ್ಲಿ ಕಾಡಿಗೆ ಹೋಗುವುದೆಂದರೆ ಹಳೇ ಸೀರೆ, ಕೈಯಲ್ಲೊಂದು ಕತ್ತಿ. ಅಲ್ಲಿಗೆ ಮುಗಿಯಿತು.

ನಾನು, ಹೆಂಡತಿ, ಮಗಳು ಮೂವರನ್ನೂ ಹೊತ್ತು ವಾಹಾಕಾ ಪಟ್ಟಣದಿಂದ ಬಸ್ಸು ಹೊರಟಿತು. ಕಣಿವೆಯುದ್ದಕ್ಕೂ ಕತ್ತಾಳೆ ತೋಟಗಳು. ನಮ್ಮಲ್ಲಿ ರೈಲುಹಳಿಯ ಪಕ್ಕದಲ್ಲಿ ದನ ಬಾರದಿರಲೆಂದು ನೆಡುವ ಕತ್ತಾಳೆಯ ತವರು ಈ ದೇಶವೇ. ಇಲ್ಲಿ ಅದಕ್ಕೆ ಭತ್ತದ ಗದ್ದೆಗೆ ಸಿಗುವಷ್ಟು ಮರ್ಯಾದೆ. ಮಿತ್ಲಾ ಕಡೆಯ ಒಣಗುಡ್ಡಗಳನ್ನು ತೋರಿಸಿ ಮಗಳು, "ಅಲ್ಲಿ ಒಂದು ಗುಹೆಯಲ್ಲಿ 10,000 ವರ್ಷದಷ್ಟು ಹಳೆಯ ಕುಂಬಳಜಾತಿಯ ಬೀಜ ಸಿಕ್ಕಿದೆ ಅಪ್ಪಾ, ಮನುಷ್ಯರೇ ಬೆಳೆಸಿದ್ದು" ಅಂದಳು. ನಮ್ಮ ಸಂಘದಲ್ಲಿ ಹೋದ ವರ್ಷದ ಪೇಂಟಿಂಗ್ ಓಚರು ಸಿಗುತ್ತಿಲ್ಲ.

ಆಮೇಲೆ ಬಸ್ಸು ಬೆಟ್ಟ ಹತ್ತತೊಡಗಿತು. ಪಟ್ಟಣ ಇರುವುದು ಸುಮಾರು 1,550 ಮೀಟರ್ ಎತ್ತರದಲ್ಲಿ. ನಾವು ಇಳಿಯಬೇಕಾದ ಕ್ವಾಹಿಮೊಲೋಯಾಸ್ ಎಂಬ ಊರು 3,200ರ ಆಸುಪಾಸಿನಲ್ಲಿ. ಕರ್ನಾಟಕದ ನೆತ್ತಿಯೆನಿಸಿದ ಮುಳ್ಳಯ್ಯನಗಿರಿ 1,930 ಮೀಟರ್. ಅದರ ತುದಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಅಲ್ಲಿಂದ ಇನ್ನೂ 1,200 ಮೀಟರಿಗೂ ಹೆಚ್ಚು ಆಕಾಶಕ್ಕೆ ಹತ್ತಿದರೆ ಈ ಊರಿನ ಬಸ್ ನಿಲ್ದಾಣ. ಎತ್ತರದ ಜಾಗದಲ್ಲಿ ಉಸಿರಾಟ ಹೇಗಿರಬೇಕು ಎಂದು ದಾರಿಯುದ್ದಕ್ಕೂ ನಾನು ಹೆಂಡತಿಗೆ ವಿವರಿಸಿದೆ. ಇಳಿದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ವಿವರಣೆ ನಿಂತಿತು. ವಾಚು ಕೀಂಯ್ ಕೀಂಯ್ ಎನ್ನತೊಡಗಿತು. ಯಾವ ಗುಂಡಿ ಒತ್ತಿದರೆ ಬಾಯಿ ಮುಚ್ಚುತ್ತದೆಂದು ತಿಳಿಯದೆ ಅದನ್ನು ಬಿಚ್ಚಿ ಬ್ಯಾಗಿನೊಳಗೆ ಚಟ್ನಿಪುಡಿ ಡಬ್ಬಿಯ ಅಡಿಗೆ ತುರುಕಿದೆ. ಅಲ್ಲಿಯೂ ಅದು ನನ್ನ ಸಾವಿನ ಮುನ್ಸೂಚನೆ ಕೊಡುತ್ತಲೇ ಇತ್ತು.

ಪ್ರವಾಸಿಗಳ ಕಚೇರಿ ಒಂದು ಸಣ್ಣ ಕೋಣೆ. ಮೇಜು, ರಿಜಿಸ್ಟರು, ರಸೀದಿ ಪುಸ್ತಕ, ಗೋಡೆಯಲ್ಲಿ ಕೈಯಲ್ಲಿ ಬರೆದ ಭೂಪಟ. ರಸೀದಿ ಪುಸ್ತಕ ಕಂಡು ನನಗೆ ಜೀವ ಬಂದಹಾಗಾಯಿತು. ದುಡ್ಡು ಕಟ್ಟಿ, ನಮಗೊಬ್ಬ ಗಟ್ಟಿಮುಟ್ಟಾದ, ಚುರುಕಾದ ಹುಡುಗನನ್ನು ಗೈಡಾಗಿ ಕೊಡಿ ಎಂದು ಮಗಳ ಮೂಲಕ ಹೇಳಿಸಿದೆ. ಮೇಜಿನಾಚೆಯ ಗಂಭೀರ ವ್ಯಕ್ತಿ ರಿಜಿಸ್ಟರಿನ ಮೇಲೆ ಬೆರಳು ಜಾರಿಸಿ ಒಂದು ಹೆಸರಿನ ಮೇಲೆ ನಿಲ್ಲಿಸಿದರು. ಆರಿಸಿಕೊಳ್ಳುವ ಪದ್ಧತಿ ಇಲ್ಲವಂತೆ. ಯಾರ ಸರದಿಯೋ ಅವರೇ.

ಸರದಿ ಬಂದದ್ದು ಸುಮಾರು ನನ್ನದೇ ವಯಸ್ಸಿನ ಒಬ್ಬ ಹೆಂಗಸಿಗೆ. ಎರಡು ಜಡೆ, ಹೂವಿನ ಏಪ್ರನ್, ಹೆಗಲಲ್ಲಿ ಪ್ಲಾಸ್ಟಿಕ್ ಹೆಣಿಗೆಯ ಚೀಲ, ಒಂದು ಕೈಯಲ್ಲಿ ಮಡಚಿದ ಕೊಡೆ, ಇನ್ನೊಂದರಲ್ಲಿ ನಮ್ಮ ಮಚ್ಚಿನಂಥದ್ದೇ ಉದ್ದನೆಯ ಕತ್ತಿ. ಹಿಂದೆ ಒಂದು ಕಂದು ನಾಯಿ. ಗೈಡಮ್ಮ ನನ್ನನ್ನು ಬೂಟಿನಿಂದ ಟೋಪಿಯವರೆಗೆ ಒಮ್ಮೆ ನೋಡಿ ಮಗಳ ಹತ್ತಿರ ಏನೋ ಕೇಳಿದಳು. "ಏನಂತೆ?" ಅಂದೆ. "ಇವರಿಗೆ ಮಧ್ಯಾಹ್ನದೊಳಗೆ ಮುಟ್ಟಬೇಕೋ ಸಾಯಂಕಾಲದೊಳಗೋ ಅಂತ ಕೇಳ್ತಿದಾರೆ."

ಹೊರಡುವ ಮುನ್ನ ಮೇಜಿನವರಲ್ಲಿ ನನ್ನ ಪರಿಚಯ ಮಾಡಿಕೊಳ್ಳದೆ ಇರಲಾಗಲಿಲ್ಲ. ನಾನೂ ಒಂದು ಸಮುದಾಯದ ಕಾರ್ಯದರ್ಶಿ, ಆಡಳಿತದಲ್ಲಿ ನನಗೂ ಅನುಭವವಿದೆ ಎಂದೆ. ಅವರು ಎದ್ದು ಕೈಕುಲುಕಿದರು. ತಮ್ಮ ಹುದ್ದೆಗೂ ಸಂಬಳ ಅನ್ನುವಂಥದ್ದಿಲ್ಲ, ಊರಿನ ಸಭೆ ಹೆಸರು ಕೂಗಿತು, ಒಪ್ಪಿಕೊಳ್ಳಲೇಬೇಕು, ಹೊಲದ ಕೆಲಸ ತಮ್ಮ ನೋಡಿಕೊಳ್ಳುತ್ತಿದ್ದಾನೆ ಎಂದರು. ಈ ಸೀಮೆಯಲ್ಲಿ ಊರಿನ ಸೇವೆ ಹೀಗೇ. ‘ಕಾರ್ಗೊ’ ಎನ್ನುತ್ತಾರೆ. ಹುಡುಗರು ಮೊದಲು ‘ತೊಪಿಲ್’ ಆಗಬೇಕು: ಹೇಳಿಕಳಿಸಿದಲ್ಲಿಗೆ ಓಡುವುದು, ರಾತ್ರಿ ಕಾವಲು, ಸಭೆಗೆ ಜನರನ್ನು ಕರೆಯುವುದು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ತಲೆ ನರೆಯುವ ಹೊತ್ತಿಗೆ ಊರಿನ ಯಜಮಾನಿಕೆ. "ನೀವು ತೊಪಿಲ್ ಆಗಿದ್ದು ಯಾವಾಗ?" ಎಂದು ಅವರು ನನ್ನನ್ನು ಬಹಳ ಗೌರವದಿಂದ ಕೇಳಿದರು. ನಾನು ಊರುಗೋಲಿನ ಉದ್ದ ಸರಿಮಾಡಿಕೊಳ್ಳುವುದರಲ್ಲಿ ತೊಡಗಿದೆ.

ದಾರಿ ಪೈನ್ ಮತ್ತು ಓಕ್ ಮರಗಳ ನಡುವೆ ಇಳಿಯುತ್ತಿತ್ತು. ಇಳಿಯುತ್ತಿತ್ತು ಎಂದು ಭೂಪಟ ಹೇಳುತ್ತದೆ; ನನ್ನ ಕಾಲಿಗೆ ಸಿಕ್ಕಿದ್ದೆಲ್ಲ ಏರು. ಗೈಡಮ್ಮ ಮುಂದೆ, ಅವಳ ಹಿಂದೆ ನನ್ನ ಹೆಂಡತಿ, ಆಮೇಲೆ ಮಗಳು, ಕೊನೆಯಲ್ಲಿ ನಾನು, ನನ್ನ ಹಿಂದೆ ನಾಯಿ. ನಾಯಿ ಹಾಗೆ ಹಿಂದುಳಿದದ್ದು ಪ್ರೀತಿಯಿಂದಲ್ಲ. ದಾರಿ ತಪ್ಪುವ ಕುರಿಗಳನ್ನು ಕಾಯ್ದು ಅಭ್ಯಾಸವಂತೆ. ನಿಂತರೆ ಮೀನಖಂಡಕ್ಕೆ ಮೂತಿಯಿಂದ ತಿವಿಯುತ್ತಿತ್ತು. ಒಂದು ತಿರುವಿನಲ್ಲಿ ದೃಶ್ಯವೈಭವ ನೋಡುವ ನೆಪದಲ್ಲಿ ಕುಳಿತುಬಿಟ್ಟೆ. ಕುಳಿತ ಜಾಗದಲ್ಲಿ ಒಂದು ಕಾಡುಕತ್ತಾಳೆ ಇತ್ತು. ಎದ್ದ ವೇಗ ನೋಡಿ ಗೈಡಮ್ಮ ಮೊದಲ ಸಲ ನನ್ನ ಬಗ್ಗೆ ಒಳ್ಳೆಯ ಮಾತಾಡಿದಳು.

ಮಳೆಗಾಲವಾದ್ದರಿಂದ ಕಾಡಿನ ತುಂಬ ಅಣಬೆ. ಈ ಊರಿನಲ್ಲಿ ವರ್ಷಕ್ಕೊಮ್ಮೆ ಅಣಬೆಯದೇ ಜಾತ್ರೆ ನಡೆಯುತ್ತದೆ. ಕೆಂಪು ಟೋಪಿಯ ಮೇಲೆ ಬಿಳಿ ಚುಕ್ಕೆ ಇಟ್ಟುಕೊಂಡ, ಮಕ್ಕಳ ಪುಸ್ತಕದಿಂದ ಎದ್ದುಬಂದ ಚೆಲುವೆಯೊಂದನ್ನು ಕಂಡು ನಾನು ಕಿತ್ತುಕೊಂಡು ಓಡಿದೆ. ಗೈಡಮ್ಮ ನೋಡಿ, ಮಾತಾಡದೆ, ಕತ್ತಿಯ ಚಪ್ಪಟೆಯಿಂದ ನನ್ನ ಅಂಗೈ ಮೇಲಿದ್ದದ್ದನ್ನು ಪೊದೆಗೆ ಹಾರಿಸಿದಳು. ವಿಷವಂತೆ. ಕತ್ತಿಯ ಧಾರೆಗೂ ನನ್ನ ಅಂಗೈಗೂ ಇದ್ದ ಅಂತರ ನೆನೆಸಿಕೊಂಡರೆ ಅಣಬೆಯೇ ವಾಸಿ ಅನ್ನಿಸಿತು. ಅಷ್ಟರಲ್ಲಿ ನನ್ನ ಹೆಂಡತಿ ಒಣಗಿದ ಪೈನ್ ಎಲೆಯನ್ನು ಕಾಲಲ್ಲಿ ಸರಿಸಿ ಕಂದು ಬಣ್ಣದ, ದಪ್ಪ ಕಾಂಡದ ಒಂದನ್ನು ತೋರಿಸಿದಳು. ಗೈಡಮ್ಮ ಬಗ್ಗಿ ಬುಡದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ, ಟೋಪಿಯ ಅಡಿಭಾಗ ಒತ್ತಿ ನೋಡಿ, ಮೂಸಿ, ಅವಳಿಗೂ ಮೂಸಲು ಕೊಟ್ಟಳು. ಇಬ್ಬರೂ ತಲೆದೂಗಿದರು. ಅದು ಚೀಲ ಸೇರಿತು. ಹುತ್ತದ ಅಣಬೆ ಹುಡುಕಿ ಬೆಳೆದವಳಿಗೂ ಇವಳಿಗೂ ಅಲ್ಲಿಂದಾಚೆ ಭಾಷೆಯ ಹಂಗಿರಲಿಲ್ಲ. ನಾನು ಫೋನಿನ ಆ್ಯಪಿನಲ್ಲಿ ಹುಡುಕೋಣವೆಂದರೆ ಸಿಗ್ನಲ್ ಇಲ್ಲ.

ಒಂದು ದೊಡ್ಡ ಪೈನಿನ ಬುಡದಲ್ಲಿ ಬುತ್ತಿ ಬಿಚ್ಚಿದಾಗ ಗೈಡಮ್ಮ ಆ ಮರ ಹೇಗೆ ಉಳಿಯಿತೆಂದು ಹೇಳಿದಳು. 1956ರಲ್ಲಿ ಸರಕಾರ ಈ ಬೆಟ್ಟಸಾಲಿನ ಕಾಡುಗಳನ್ನು 25 ವರ್ಷಕ್ಕೆ ಒಂದು ಕಾಗದದ ಕಾರ್ಖಾನೆಗೆ ಬರೆದುಕೊಟ್ಟಿತ್ತು. ಮರ ಊರಿನವರದು, ಕಡಿಯುವ ಹಕ್ಕು ಕಾರ್ಖಾನೆಯದು, ಊರಿನವರಿಗೆ ಸಿಕ್ಕಿದ್ದು ಲಾರಿಯ ಧೂಳು. ಗಡುವು ಮುಗಿಯುವ ಹೊತ್ತಿಗೆ ಹಳ್ಳಿಗಳು ಒಟ್ಟಾಗಿ ನವೀಕರಣ ಬೇಡವೆಂದು ಹಿಡಿದ ಪಟ್ಟು ಬಿಡಲಿಲ್ಲ. 80ರ ದಶಕದ ಆರಂಭದಲ್ಲಿ ಕಾಡು ಊರವರ ಕೈಗೆ ವಾಪಸು ಬಂತು. ಇದನ್ನು ಕೇಳಿ ನನ್ನ ಹೆಂಡತಿ ಊಟ ಬಿಟ್ಟು ಎದ್ದು ನಿಂತಳು. 1983ರಲ್ಲಿ ಶಿರಸಿಯ ಸಲ್ಕಣಿಯ ಜನ ಕಾಡಿಗೆ ನುಗ್ಗಿ, ಕೊಡಲಿ ತಂದವರ ಮುಂದೆ ಮರಗಳನ್ನು ಅಪ್ಪಿಕೊಂಡು ನಿಂತದ್ದನ್ನು, ಅದೇ ಅಪ್ಪಿಕೋ ಚಳವಳಿಯಾದದ್ದನ್ನು, ತಾನೂ ಹುಡುಗಿಯಾಗಿದ್ದಾಗ ಅಂಥ ಮೆರವಣಿಗೆಗೆ ಹೋದದ್ದನ್ನು ಅಭಿನಯ ಸಮೇತ ಹೇಳಿದಳು. ಮರ ಅಪ್ಪಿಕೊಂಡೂ ತೋರಿಸಿದಳು. ಗೈಡಮ್ಮನ ಕಣ್ಣು ಅರಳಿತು. ಆಮೇಲೆ ನನ್ನ ಕಡೆ ತಿರುಗಿ, "ಆಗ ಇವರು ಎಲ್ಲಿದ್ದರು?" ಎಂದು ಕೇಳಿಸಿದಳು.

ಆಗ ನಾನು ಅದೇ ಜಿಲ್ಲೆಯ ಒಂದು ಶಾಖೆಯಲ್ಲಿ ಸಾಲದ ಮೇಜಿನಲ್ಲಿದ್ದೆ. ಟಿಂಬರ್ ವ್ಯಾಪಾರಿಗಳಿಗೆ ಸಾಲ ಮಂಜೂರು ಮಾಡುತ್ತಿದ್ದೆ.

"ಹೇಳ್ಲಾ ಅಪ್ಪಾ?" ಅಂದಳು ಮಗಳು.

"ಗ್ರಾಮೀಣಾಭಿವೃದ್ಧಿಯಲ್ಲಿದ್ದೆ ಅಂತ ಹೇಳು."

ಮಧ್ಯಾಹ್ನ ಬಿಸಿಲು ಚುರುಕಾಯಿತು. ನನ್ನ ಪ್ಯಾಂಟಿನ ಪ್ರತಿಭೆ ಪ್ರದರ್ಶಿಸಲು ಇದೇ ಸಮಯವೆಂದು ಒಂದು ಬಂಡೆಯ ಮೇಲೆ ಕುಳಿತು ಎರಡೂ ಕಾಲಿನ ಜಿಪ್ಪು ಎಳೆದೆ. ಸರ್ರನೆ ಬಿಚ್ಚಿಕೊಂಡವು. ಗೈಡಮ್ಮ ಬೆರಗಿನಿಂದ ನೋಡಿದಳು. ಆ ಬೆರಗನ್ನು ಮೆಚ್ಚುಗೆ ಎಂದುಕೊಂಡು ನಾನು ಎದ್ದು ನಾಲ್ಕು ಹೆಜ್ಜೆ ಠೀವಿಯಿಂದ ನಡೆದೆ. ಅರ್ಧಗಂಟೆಯಲ್ಲಿ ಕಣಿವೆಯಿಂದ ಮೋಡ ಎದ್ದು ಬಂತು. ಮೋಡ ಬಂದದ್ದಲ್ಲ, ನಾವೇ ಮೋಡದೊಳಗೆ ನಡೆಯುತ್ತಿದ್ದೆವು. ಹಲ್ಲು ಕಟಕಟ ಎನ್ನತೊಡಗಿತು. ಮತ್ತೆ ಕುಳಿತು ಬಲಗಾಲಿನ ತುಂಡನ್ನು ಜೋಡಿಸಿದೆ. ಎಡಗಾಲಿನದನ್ನು ಜೋಡಿಸುವಾಗ ಜಿಪ್ಪು ಕಾಲುಭಾಗ ಬಂದು ನಿಂತಿತು. ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ಹೆಂಡತಿ ಎಳೆದಳು, ಮಗಳು ಎಳೆದಳು, ಗೈಡಮ್ಮ ಕತ್ತಿ ತೆಗೆದಳು. "ಬೇಡ ಬೇಡ" ಎಂದು ನಾನು ಕಾಲು ಹಿಂತೆಗೆದ ರಭಸಕ್ಕೆ ತುಂಡು ಕಿತ್ತು ಕೈಗೆ ಬಂತು, ಕೈಯಿಂದ ನೆಲಕ್ಕೆ ಬಿತ್ತು. ನೆಲಕ್ಕೆ ಬಿದ್ದದ್ದು ನಾಯಿಗೆ ಸೇರಿದ್ದು ಎಂಬ ನಿಯಮ ಎಲ್ಲ ದೇಶದಲ್ಲೂ ಒಂದೇ. ಅದು ನನ್ನ ಪ್ಯಾಂಟಿನ ಎಡಗಾಲನ್ನು ಕಚ್ಚಿಕೊಂಡು ಮೋಡದೊಳಗೆ ಮಾಯವಾಯಿತು.

ಒಂದು ಕಾಲು ಪ್ಯಾಂಟು, ಒಂದು ಕಾಲು ಚಡ್ಡಿ. ಎಡ ಮೊಣಕಾಲಿನಿಂದ ಕೆಳಗೆ ಜನವರಿ, ಬಲಕ್ಕೆ ಏಪ್ರಿಲ್. ಇನ್ನು ಎಷ್ಟು ದೂರ ಎಂದು ನಾನು ಕೇಳಿದಾಗೆಲ್ಲ ಗೈಡಮ್ಮ ಗದ್ದದಿಂದ ಮುಂದಿನ ಗುಡ್ಡ ತೋರಿಸುತ್ತಿದ್ದಳು. ಕೊನೆಗೊಮ್ಮೆ ನಾನು ಕೊಂಚ ದನಿಯೆತ್ತಿ ಕೇಳಿದ್ದಕ್ಕೆ ಒಂದು ಕಥೆ ಹೇಳಿದಳು. ಇದೇ ಬೆಟ್ಟಸಾಲಿನ ಗೆಲಾತಾವೊ ಎಂಬ ಹಳ್ಳಿಯಲ್ಲಿ 1806ರಲ್ಲಿ ಹುಟ್ಟಿದ ಒಬ್ಬ ಸಪೊಟೆಕ್ ಅನಾಥ ಹುಡುಗ, ಸ್ಪ್ಯಾನಿಷ್ ಕೂಡ ಬಾರದವನು, ಹನ್ನೆರಡನೆಯ ವಯಸ್ಸಿನಲ್ಲಿ ಮನೆಬಿಟ್ಟು ಈ ಬೆಟ್ಟ ಇಳಿದು ಸುಮಾರು 60 ಕಿಲೋಮೀಟರ್ ದೂರದ ವಾಹಾಕಾ ಪಟ್ಟಣಕ್ಕೆ ನಡೆದುಕೊಂಡೇ ಹೋದ. ಓದಿ ವಕೀಲನಾದ, 1858ರಲ್ಲಿ ಮೆಕ್ಸಿಕೋದ ಅಧ್ಯಕ್ಷನಾದ. ಹೆಸರು ಬೆನಿತೊ ಹ್ವಾರೆಸ್. ನಾವು ಆ ರಾತ್ರಿ ತಂಗಬೇಕಾದ ಊರಿಗೂ ಅವನದೇ ಹೆಸರು. ಕಥೆ ಮುಗಿಸಿ ಅವಳು ನನ್ನ ಬೂಟು, ಎರಡು ಊರುಗೋಲು, ಒಂದು ಚಡ್ಡಿಕಾಲು ಮೂರನ್ನೂ ಕ್ರಮವಾಗಿ ನೋಡಿ ಮುಂದೆ ನಡೆದಳು. ನಾನು ಮುಂದೆ ದೂರದ ಪ್ರಶ್ನೆ ಎತ್ತಲಿಲ್ಲ.

ಬೆನಿತೊ ಹ್ವಾರೆಸ್ ಊರಿನ ಕುಟೀರದಲ್ಲಿ ಗೋಡೆಯಲ್ಲೇ ಒಲೆ. ಒಂದು ಹೊರೆ ಸೌದೆ, ಒಂದು ಹಿಡಿ ಸಿಬಿರು ಕೊಟ್ಟು ಹೋದರು. ಬೆಂಕಿ ಹಚ್ಚುವುದು ಗಂಡಸಿನ ಕೆಲಸವೆಂದು ನಾನು ಮುಂದಾದೆ. ಬಸ್ ಟಿಕೇಟು, ವಾಚಿನ ಕೈಪಿಡಿ, ಸಲಕರಣೆ ಕೊಂಡ ಬಿಲ್ಲು ಎಲ್ಲವನ್ನೂ ಅಗ್ನಿಗೆ ಅರ್ಪಿಸಿದೆ. ಅಗ್ನಿದೇವ ಕೈಪಿಡಿಯನ್ನು ಮಾತ್ರ ಸ್ವೀಕರಿಸಿ ಬದಲಿಗೆ ಹೊಗೆಯನ್ನು ದಯಪಾಲಿಸಿದ. ಅದು ಕೋಣೆ ತುಂಬಿ ಕಿಟಕಿಯಿಂದ ಹೊರಬಂದದ್ದೇ, ಊರಿನ ನಾಲ್ಕು ಜನ ಬಕೆಟ್ ಹಿಡಿದು ಓಡಿ ಬಂದರು. ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿ ಆ ಸಿಬಿರನ್ನು ಕೈಗೆತ್ತಿಕೊಂಡಳು. ‘ಒಕೋತೆ’ ಅನ್ನುತ್ತಾರೆ, ರಾಳ ಹೀರಿದ ಪೈನ್ ಮರದ ಚೂರು. ಮೂಗಿಗೆ ಹಿಡಿದರೆ ಟರ್ಪೆಂಟೈನ್ ವಾಸನೆ, ಬೆರಳಿಗೆ ಅಂಟಂಟು. ಎರಡು ಚೂರನ್ನು ಅಡ್ಡಡ್ಡ ಇಟ್ಟು, ಮೇಲೆ ಸಣ್ಣ ಸೌದೆ ನಿಲ್ಲಿಸಿ, ಒಂದೇ ಕಡ್ಡಿ ಗೀರಿದಳು. ಧಗ್ಗನೆ ಹೊತ್ತಿತು. ಬಚ್ಚಲ ಹಂಡೆಗೆ ಉರಿ ಹಾಕಿ ಬೆಳೆದ ಕೈ. ಬಕೆಟ್ಟಿನವರು ಅವಳಿಗೆ ನಮಸ್ಕರಿಸಿ, ನನಗೆ ಒಂದು ಬಕೆಟ್ ನೀರು ಬಿಟ್ಟು ಹೋದರು. ಮುಂಜಾಗ್ರತೆಗಿರಲಿ ಅಂತ.

ರಾತ್ರಿ ಊಟಕ್ಕೆ ಸಾಮೂಹಿಕ ಅಡುಗೆಮನೆ. ಮಣ್ಣಿನ ಕಾವಲಿಯ ಮೇಲೆ ನೀಲಿ ಮೆಕ್ಕೆಜೋಳದ ತೊರ್ತಿಯಾ ರೊಟ್ಟಿ ಉಬ್ಬುತ್ತಿತ್ತು. ಮಾಂಸ ಮೀನು ಮೊಟ್ಟೆ ಏನೂ ಇಲ್ಲ ಎಂದು ಮಗಳು ಹೇಳಿದ್ದಕ್ಕೆ ಅಡುಗೆಯಮ್ಮ ಯಾರಿಗೆ ಕಾಯಿಲೆ ಎಂದು ಕೇಳಿದಳಂತೆ. ಆಮೇಲೆ ಮೂವರಿಗೂ ಒಂದೊಂದು ಬೋಗುಣಿ ಸಾರು ಬಂತು. ಹಬೆಯಾಡುತ್ತಿದ್ದ ಸಾರಿನಲ್ಲಿ ನಮ್ಮ ಅಣಬೆ, ಅದರ ಪಕ್ಕದಲ್ಲಿ ತಿಳಿಹಸಿರು ಹೋಳುಗಳು. ಕಚ್ಚಿದೊಡನೆ ಗುರುತು ಹತ್ತಿತು. ಸೀಮೆಬದನೆಕಾಯಿ! ನಲವತ್ತು ವರ್ಷದ ಸಂಸಾರದಲ್ಲಿ ನಾನು ಎದುರು ಮಾತಾಡಿದ ಏಕೈಕ ತರಕಾರಿ. ಪಲ್ಯ, ಕೂಟು, ಸಿಪ್ಪೆಯ ಚಟ್ನಿ ಯಾವ ವೇಷದಲ್ಲಿ ಬಂದರೂ ಹಿಂದೆ ಕಳಿಸಿದ್ದೆ. ಅದರಿಂದ ತಪ್ಪಿಸಿಕೊಂಡು ಭೂಮಿಯ ಆಚೆ ಮಗ್ಗುಲಿಗೆ ಬಂದರೆ ಅದರ ಹುಟ್ಟೂರಿಗೇ ಬಂದು ಕೂತಿದ್ದೇನೆ. ಹೆಂಡತಿ ಮಾತಾಡಲಿಲ್ಲ. ಬೋಗುಣಿ ಖಾಲಿಯಾಗುವವರೆಗೆ ನನ್ನನ್ನೇ ನೋಡುತ್ತಿದ್ದಳು.

ನನಗೆ ಉಳಿದದ್ದು ಚಟ್ನಿಪುಡಿ ಡಬ್ಬಿಯೊಂದೇ. ಖಾರದ ವಿಷಯದಲ್ಲಾದರೂ ನಾಡಿನ ಮಾನ ಉಳಿಸೋಣವೆಂದು, "ಜೋಪಾನ, ಬ್ಯಾಡಗಿ ಮೆಣಸಿನಕಾಯಿ" ಎಂದು ಎಚ್ಚರಿಸಿ ಅಡುಗೆಯಮ್ಮನಿಗೆ ಚಮಚದ ತುದಿಯಲ್ಲಿ ಕೊಟ್ಟೆ. ಅವಳು ನೆಕ್ಕಿ ನೋಡಿ, ಚೆನ್ನಾಗಿದೆ ಎಂದು ತಲೆಯಾಡಿಸಿ, ಉಳಿದದ್ದನ್ನು ಸೊಂಟದಲ್ಲಿದ್ದ ಮೊಮ್ಮಗುವಿನ ಬಾಯಿಗಿಟ್ಟಳು. ಮಗು ಇನ್ನೂ ಬೇಕೆಂದು ಕೈಚಾಚಿತು. ಮೆಣಸಿನಕಾಯಿಯನ್ನು ಸಾವಿರಾರು ವರ್ಷ ಪಳಗಿಸಿ, ಪೋರ್ಚುಗೀಸರ ಹಡಗು ಹತ್ತಿಸಿ ನಮ್ಮ ಬ್ಯಾಡಗಿಗೆ ಕಳಿಸಿಕೊಟ್ಟ ಖಂಡದ ಮಗು ಅದು, ಹೆದರೀತೇ?

ಬೆಳಿಗ್ಗೆ ಗೈಡಮ್ಮ ತನ್ನೂರಿಗೆ ಹಿಂದಿರುಗಿದಳು. ಇಲ್ಲಿನ ವ್ಯವಸ್ಥೆಯೇ ಹಾಗೆ. ಒಂದೂರಿನ ಗೈಡು ಮುಂದಿನ ಊರಿನವರಿಗೆ ನಮ್ಮನ್ನು ಒಪ್ಪಿಸಿ ಹೋಗುವುದು. ಬ್ಯಾಂಕಿನಲ್ಲಿ ವರ್ಗವಾದಾಗ ಚಾರ್ಜ್ ಹಸ್ತಾಂತರಿಸುತ್ತೇವಲ್ಲ, ಅದೇ ಶಿಸ್ತು. ಬಾಕಿ ಬಿದ್ದ ಖಾತೆಗಳ ಬಗ್ಗೆ ಪ್ರತ್ಯೇಕ ಟಿಪ್ಪಣಿಯೂ ಇರುತ್ತದೆ. ಗೈಡಮ್ಮ ಹೊಸ ಗೈಡಿನ ಕಿವಿಯಲ್ಲಿ ಸುಮಾರು ಹೊತ್ತು ಮಾತಾಡಿದಳು. ನಡುನಡುವೆ ಕತ್ತಾಳೆಯ ಕಡೆಗೆ, ಹೊಗೆಕೊಳವೆಯ ಕಡೆಗೆ, ನನ್ನ ಎಡಗಾಲಿನ ಕಡೆಗೆ ಕೈತೋರಿಸುತ್ತಿದ್ದಳು. ಹೊಸ ಗೈಡು, ನಾನು ಮೊದಲ ದಿನ ಕೇಳಿದ್ದ ಥೇಟು ಚುರುಕಾದ ಹುಡುಗ, ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು ಅಂಗಡಿಗೆ ಹೋಗಿ ಒಂದು ಹಗ್ಗ ತಂದ.

ಅವನ ಜೊತೆ ಲಾ ನೆವೆರಿಯಾ ದಾಟಿದೆವು. ಹಿಂದೆ ಕೊಳಗಳಲ್ಲಿ ನೀರು ಗಡ್ಡೆ ಕಟ್ಟಿಸಿ, ಆ ಮಂಜನ್ನು ಪಟ್ಟಣಕ್ಕೆ ಹೊತ್ತು ಮಾರುತ್ತಿದ್ದ ಊರಂತೆ ಅದು. ಒಂದೂವರೆ ಕಾಲಿನ ಪ್ಯಾಂಟಿನಲ್ಲಿ ಅಂಥ ಊರು ಹೊಕ್ಕವನಿಗೆ ಈ ಇತಿಹಾಸವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಗ್ಗದ ಉಪಯೋಗ ಎರಡು ಕಡೆ ಆಯಿತು. ಅದರ ವಿವರ ಬೇಡ. ಸಂಜೆಗೆ 2,400 ಮೀಟರಿನ ಲಾತೂವಿ ಸೇರಿದಾಗ ಉಸಿರಾಟ ಸಲೀಸಾಗಿತ್ತು; ಉಳಿದ ಅಂಗಗಳ ಬಗ್ಗೆ ಹಾಗೆ ಹೇಳಲಾರೆ. ಲಾತೂವಿ ಟ್ರೌಟ್ ಮೀನಿಗೆ ಹೆಸರಾದ ಊರು. ನಾವು ಅಲ್ಲಿಯೂ ಸೀಮೆಬದನೆಕಾಯಿ ತಿಂದೆವು.

ನಸುಕಿನಲ್ಲಿ ಊರ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು. ನಾನು ಸುಪ್ರಭಾತದ ನಿರೀಕ್ಷೆಯಲ್ಲಿದ್ದೆ. ಉದ್ದನೆಯ ಪ್ರಕಟಣೆ. ಮಗಳು ಹೊದಿಕೆಯೊಳಗೆ ನಗುತ್ತಿದ್ದಳು.

"ಏನಂತೆ?"

"ಎರಡು ವಿಷಯ ಅಪ್ಪಾ. ಇವತ್ತು ತೆಕಿಯೊ. ಮಳೆಗೆ ದಾರಿ ಕೊಚ್ಚಿಹೋಗಿದೆ, ಪ್ರತಿ ಮನೆಯಿಂದ ಒಬ್ಬೊಬ್ಬರು ಹಾರೆ ಗುದ್ದಲಿ ತಗೊಂಡು ಬರಬೇಕಂತೆ. ಎರಡನೇದು, ಕ್ವಾಹಿಮೊಲೋಯಾಸಿನ ಪಿಕಪ್ ಗಾಡಿಯಲ್ಲಿ ಒಂದು ಪ್ಯಾಂಟಿನ ಕಾಲು ಬಂದಿದೆ. ವಾರಸುದಾರರು ಕಚೇರಿಗೆ ಬಂದು ಸಹಿ ಹಾಕಿ ಬಿಡಿಸ್ಕೊಳ್ಬೇಕಂತೆ."

ಕಚೇರಿಯ ಮುಂದೆ ಅರ್ಧ ಊರು ನೆರೆದಿತ್ತು. ತೆಕಿಯೊ ಎಂದರೆ ಕೂಲಿಯಿಲ್ಲದ ಊರ ಕೆಲಸ. ಬಾರದ ಮನೆಗೆ ದಂಡ, ಅಥವಾ ಬದಲಿ ಆಳು. ಹಾಜರಿ ಪುಸ್ತಕ ಹಿಡಿದ ಯಜಮಾನರು ಒಂದೊಂದೇ ಹೆಸರು ಕೂಗುತ್ತಿದ್ದರು, ಕೈಗಳು ಏಳುತ್ತಿದ್ದವು. ಬೋಂಡ ಇಲ್ಲ, ಕಾಫಿಯೂ ಇಲ್ಲ, ಆದರೂ ಕೋರಂ! ನನ್ನ ಎದೆ ತುಂಬಿ ಬಂತು. ಎಡಗಾಲಿಗೆ ಸಹಿ ಹಾಕಿ ಪಡೆದುಕೊಂಡವನು ಅಲ್ಲಿಗೇ ಸುಮ್ಮನಿರದೆ, ಪ್ಯಾಂಟಿನ ತುಂಡನ್ನು ಬೀಸುತ್ತಾ ಸಮುದಾಯದ ಸಹಭಾಗಿತ್ವದ ಬಗ್ಗೆ ನಾಲ್ಕು ಮಾತಾಡಿದೆ. ಮಗಳು ಭಾಷಾಂತರಿಸಿದಳು. ಬಹಳ ಚಿಕ್ಕದಾಗಿ ಭಾಷಾಂತರಿಸಿದಳು ಅಂತ ನನಗನ್ನಿಸಿದ್ದು ಜನ ಚಪ್ಪಾಳೆ ತಟ್ಟಿ ನನ್ನ ಕೈಗೆ ಸಲಿಕೆ ಕೊಟ್ಟಾಗ.

"ಏನು ಹೇಳಿದೆ ಅವರಿಗೆ?"

"ಅಪ್ಪ ಕೆಲಸಕ್ಕೆ ಬರ್ತಾರಂತೆ ಅಂದೆ."

ನನ್ನನ್ನು ಒಬ್ಬ ತೊಪಿಲ್ ಕೈಕೆಳಗೆ ಹಾಕಿದರು. ಮೀಸೆ ಇನ್ನೂ ಸರಿಯಾಗಿ ಮೂಡಿರದ ಹುಡುಗ. ಊರಿನ ಹುದ್ದೆಗಳಲ್ಲಿ ಎಲ್ಲಕ್ಕಿಂತ ಕೆಳಗಿನವನಿಗೆ ಅವತ್ತು ನನ್ನಿಂದಾಗಿ ಬಡ್ತಿ ಸಿಕ್ಕಿತು. ಚರಂಡಿಯ ಮಣ್ಣನ್ನು ನಾನು ದಾರಿಗೆ ಎಸೆಯುವುದು, ದಾರಿಯಿಂದ ಅವನು ಇಳಿಜಾರಿಗೆ ಎಸೆಯುವುದು, ಹೀಗೆ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಅವನು ಮೆಲ್ಲಗೆ ಸಲಿಕೆ ಕಸಿದುಕೊಂಡು, ಮರದ ಕೆಳಗೆ ಬಟ್ಟೆ ಮುಚ್ಚಿಟ್ಟ ತೊರ್ತಿಯಾ ಬುಟ್ಟಿಯ ಹತ್ತಿರ ಕೂರಿಸಿ, ನಾಯಿಗಳು ಬಾರದ ಹಾಗೆ ನೋಡಿಕೊಳ್ಳಲು ಸನ್ನೆ ಮಾಡಿದ. ಅತ್ತ ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು, ಮಳೆನೀರು ಹರಿಯಲು ಅಡ್ಡಗಾಲುವೆ ಎಲ್ಲಿ ತೆಗೆಯಬೇಕೆಂದು ಯಜಮಾನರಿಗೇ ತೋರಿಸುತ್ತಿದ್ದಳು. ಅಡಿಕೆ ತೋಟದವರಿಗೆ ನೀರಿನ ದಾರಿ ಹೇಳಿಕೊಡಬೇಕೇ? ಅವಳು ಗುದ್ದಲಿಯಲ್ಲಿ ಗೆರೆ ಎಳೆದ ಕಡೆ ಹತ್ತು ಜನ ಅಗೆದರು.

ಮರದ ನೆರಳು ತಂಪಾಗಿತ್ತು. ಹಿಂದಿನ ರಾತ್ರಿ ನಿದ್ದೆ ಸರಿಯಾಗಿರಲಿಲ್ಲ. ಎಚ್ಚರವಾದಾಗ ಬುಟ್ಟಿಯ ಮೇಲಿದ್ದ ಬಟ್ಟೆ ನನ್ನ ತೊಡೆಯ ಮೇಲಿತ್ತು, ಬುಟ್ಟಿ ಮಗುಚಿತ್ತು, ಊರಿನ ನಾಯಿಗಳೆಲ್ಲ ಅರ್ಧವೃತ್ತದಲ್ಲಿ ಕುಳಿತು ಮೂತಿ ನೆಕ್ಕಿಕೊಳ್ಳುತ್ತಿದ್ದವು. ಹೆಂಗಸರು ಮತ್ತೆ ಮನೆಗಳಿಗೆ ಹೋಗಿ ಕಾವಲಿ ಕಾಯಿಸಬೇಕಾಯಿತು. ಯಾರೂ ಒಂದು ಮಾತು ಬೈಯಲಿಲ್ಲ. ತೊಪಿಲ್ ಮಾತ್ರ ಹೋಗಿ ಯಜಮಾನರ ಕಿವಿಯಲ್ಲಿ ಏನೋ ಹೇಳಿದ.

ಸಾಯಂಕಾಲ ಹಾಜರಿ ಪುಸ್ತಕ ಮತ್ತೆ ತೆರೆಯಿತು. ಹೆಂಡತಿಯ ಹೆಸರು ಕೂಗಿದರು, ಪೂರ್ತಿ ದಿನ. ಜನ ಸಿಳ್ಳೆ ಹಾಕಿದರು. ಮಗಳದು ಪೂರ್ತಿ ದಿನ. ನನ್ನ ಹೆಸರಿನ ಮುಂದೆ ಪೆನ್ನು ಬಹಳ ಹೊತ್ತು ಗಾಳಿಯಲ್ಲೇ ನಿಂತಿತು. ತೊಪಿಲನನ್ನು ಕರೆಸಿ ವಿಚಾರಿಸಿ, ನಡುವೆ ಎರಡು ಸಲ ಬುಟ್ಟಿಯ ಪ್ರಸ್ತಾಪ ಬಂದು, ಕಡೆಗೆ ಅರ್ಧ ದಿನ ಎಂದು ನಮೂದಾಯಿತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದು ಲೆಕ್ಕ ಅರ್ಧಕ್ಕೆ ಬಿಟ್ಟವನಲ್ಲ ನಾನು. ಉಳಿದ ಅರ್ಧ ದಿನದ ಗತಿಯೇನು, ದಂಡ ಕಟ್ಟಬೇಕೇ ಎಂದು ಕೇಳಿಸಿದೆ. ಬೇಡ, ಮುಂದಿನ ಸಲ ಬಂದಾಗ ಮಾಡಿ ತೀರಿಸಿದರೆ ಸಾಕು ಎಂದರು ಯಜಮಾನರು.

"ಬಡ್ಡಿ ಎಷ್ಟಂತೆ ಕೇಳು" ಅಂದೆ.

ಅವರವರೇ ಮಾತಾಡಿಕೊಂಡರು. ಬಡ್ಡಿ ಇಲ್ಲವಂತೆ, ಆದರೆ ಬರುವಾಗ ಹೆಂಡತಿಯನ್ನು ಕರೆತರುವ ಷರತ್ತಿನ ಮೇಲೆ ಮಾತ್ರ. ನಾನು ಬಾರದಿದ್ದರೂ ನಡೆಯುತ್ತದಂತೆ, ಅವಳನ್ನೇ ಬದಲಿ ಆಳು ಎಂದು ಬರೆದುಕೊಳ್ಳುತ್ತಾರಂತೆ.